ಹದಿಹರೆಯದ ಮಕ್ಕಳೊಡನೆ ಅಲಾಸ್ಕಾ ಕ್ರೂಸ್: ಹಡಗಿಗಿಂತ ಮೊದಲು ದಾರಿಯನ್ನು ಆರಿಸಿಕೊಳ್ಳುವುದು ಹೇಗೆ

ಕ್ರೂಸ್ ಹೋಗಬೇಕೆಂದು ತೀರ್ಮಾನಿಸಿದ ಕುಟುಂಬ ಸಾಮಾನ್ಯವಾಗಿ ಮೊದಲು ನೋಡುವುದು ಹಡಗಿನ ಚಿತ್ರಗಳನ್ನು. ಈಜುಕೊಳ ಎಷ್ಟು ದೊಡ್ಡದು, ಗೋ-ಕಾರ್ಟ್ ಇದೆಯೇ, ಊಟದ ಸಭಾಂಗಣಗಳು ಎಷ್ಟು ಎಂದು ಎಣಿಸಿ, ಕೊನೆಗೆ ಅದು ಯಾವ ಯಾವ ಊರಿಗೆ ಹೋಗುತ್ತದೆ ಎಂದು ನೋಡುತ್ತಾರೆ. ಬಿಸಿಲಿನ ಕಡಲುಗಳಲ್ಲಿ ಈ ಕ್ರಮದಿಂದ ದೊಡ್ಡ ನಷ್ಟವೇನೂ ಆಗುವುದಿಲ್ಲ. ಅಲಾಸ್ಕಾದಲ್ಲಿ ಮಾತ್ರ ದುಡ್ಡು ಕೊಟ್ಟು ನೋಡಲು ಹೋಗುವುದೆಲ್ಲ ಹಡಗಿನ ಹೊರಗೇ ಇರುವುದರಿಂದ, ಮೊದಲು ಕಾಲ, ಆಮೇಲೆ ದಾರಿ, ಅದಾದ ಮೇಲೆ ಹಡಗು, ಕೊನೆಗೆ ಕೋಣೆ ಎಂಬ ಕ್ರಮವನ್ನು ಪಾಲಿಸುವುದು ಒಳ್ಳೆಯದು. ಹದಿಮೂರರಿಂದ ಹದಿನೇಳರ ವಯಸ್ಸಿನ ಮಕ್ಕಳಿರುವ ಮನೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಆ ವಯಸ್ಸಿನವರು ದೃಶ್ಯವನ್ನು ಸುಮ್ಮನೆ ಕುಳಿತು ನೋಡುವುದಕ್ಕಿಂತ ಮೈ ದಣಿಯುವಂತೆ ಏನಾದರೂ ಮಾಡುವುದನ್ನು ಬಯಸುತ್ತಾರೆ, ಮತ್ತು ಅದಕ್ಕೆ ಅವಕಾಶ ಸಿಗುವುದು ಬಂದರುಗಳಲ್ಲಿ.

ಅಲಾಸ್ಕಾದ ಕ್ರೂಸ್ ಕಾಲ ಏಪ್ರಿಲ್ ಕೊನೆಯಲ್ಲಿ ಶುರುವಾಗಿ ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಹೊತ್ತಿಗೆ ತೆರೆಬೀಳುತ್ತದೆ. ಕರ್ನಾಟಕದ ಶಾಲೆಗಳ ದಸರಾ ರಜೆಗೆ ಬಹುಪಾಲು ಹಡಗುಗಳು ಹೊರಟುಹೋಗಿರುತ್ತವೆ, ಕ್ರಿಸ್‌ಮಸ್ ರಜೆಯ ಮಾತೇ ಇಲ್ಲ. ಹೀಗಾಗಿ ಇಲ್ಲಿಂದ ಹೊರಡುವವರಿಗೆ ನಿಜವಾಗಿ ಸಿಗುವುದು ಮೇ ತಿಂಗಳು ಮಾತ್ರ. ಮನೆಯಲ್ಲಿ ನೀಟ್ ಬರೆಯುವ ಮಗುವಿದ್ದರೆ ಆ ಪರೀಕ್ಷೆ ಮುಗಿದ ಮೇಲಿನ ಎರಡು ಮೂರು ವಾರಗಳಷ್ಟೇ ಉಳಿಯುತ್ತವೆ. ಅದೃಷ್ಟವೆಂದರೆ ಮೇ ಕೆಟ್ಟ ತಿಂಗಳಲ್ಲ. ಅಲಾಸ್ಕಾದ ಆಗ್ನೇಯ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮಳೆ ಕಡಿಮೆ, ಬೆಟ್ಟಗಳ ಮೇಲೆ ಹಿಮ ಇನ್ನೂ ಕೆಳಗಿನವರೆಗೂ ಇರುತ್ತದೆ, ದರಗಳೂ ಜುಲೈಗಿಂತ ಅಗ್ಗ. ಜೂನೋ ನಗರದಲ್ಲಿ ಆಗ ಉಷ್ಣತೆ ಸುಮಾರು 5ರಿಂದ 14 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ, ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಸಾಲ್ಮನ್ ಮೀನು ಹಿಡಿಯಲು ಹೊಳೆಗೆ ಇಳಿಯುವ ಕರಡಿಗಳನ್ನು ನೋಡಲೇಬೇಕೆಂದಿದ್ದರೆ ಮಾತ್ರ ಜುಲೈ ಅಥವಾ ಆಗಸ್ಟ್ ಬೇಕು. ಹಂಪ್‌ಬ್ಯಾಕ್ ತಿಮಿಂಗಿಲಗಳು ಮೇ ಹೊತ್ತಿಗೆ ಬರತೊಡಗಿದ್ದರೂ ಜೂನ್ ನಂತರ ಹೆಚ್ಚು ಕಾಣುತ್ತವೆ. ಅಮೆರಿಕದಲ್ಲೇ ನೆಲಸಿ, ಊರಿನಿಂದ ಬಂದ ಅಜ್ಜ ಅಜ್ಜಿಯರನ್ನೂ ಜೊತೆಗೆ ಕರೆದೊಯ್ಯಬೇಕೆಂದಿರುವ ಕುಟುಂಬಗಳಿಗೆ ಜೂನ್ ಮೊದಲ ಭಾಗ ಎಲ್ಲ ರೀತಿಯಿಂದಲೂ ಅನುಕೂಲ.

ಇನ್ನು ದಾರಿಯ ವಿಷಯ. ಇಲ್ಲಿ ಮೂರು ಬಗೆಗಳಿವೆ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವುದು ಒಂದು, ಕೆನಡಾದ ವ್ಯಾಂಕೂವರ್‌ನಿಂದ ಹೊರಟು ಅಲ್ಲಿಗೇ ಮರಳುವುದು ಇನ್ನೊಂದು, ವ್ಯಾಂಕೂವರ್ ಮತ್ತು ಆಂಕರೇಜ್ ಬಳಿಯ ವಿಟಿಯರ್ ಅಥವಾ ಸ್ಯೂವರ್ಡ್ ಬಂದರುಗಳ ನಡುವೆ ಒಂದೇ ದಿಕ್ಕಿನಲ್ಲಿ ಸಾಗುವುದು ಮೂರನೆಯದು. ಸಿಯಾಟಲ್ ಯಾನಕ್ಕೆ ವಿಮಾನ ಅಗ್ಗವಾಗಿ ಸಿಗುತ್ತದೆ, ದೊಡ್ಡ ಹಾಗೂ ಹೊಸ ಹಡಗುಗಳೂ ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತವೆ. ಆದರೆ ಅವುಗಳಲ್ಲಿ ಅನೇಕ ಹಡಗುಗಳು ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ ತೆರೆದ ಸಾಗರದಲ್ಲಿ ಸಾಗುವುದರಿಂದ ಅಲೆಗಳ ಕುಲುಕಾಟ ಇರುತ್ತದೆ. ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯಲ್ಲಿರುವ ಇನ್‌ಸೈಡ್ ಪ್ಯಾಸೇಜ್ ಎಂಬ ಶಾಂತ ಜಲಮಾರ್ಗದಲ್ಲಿ ಹೋಗುತ್ತವೆ, ಎರಡೂ ಬದಿಯಲ್ಲಿ ಕಾಡು ತುಂಬಿದ ಬೆಟ್ಟಗಳು ಹತ್ತಿರದಲ್ಲೇ ಇರುತ್ತವೆ. ಮಡಿಕೇರಿ ಘಾಟಿಯಲ್ಲೇ ವಾಂತಿ ಮಾಡಿಕೊಳ್ಳುವ ಮಗುವಿದ್ದರೆ ಎರಡನೆಯದನ್ನು ಆರಿಸಿಕೊಳ್ಳಲು ಬೇರೆ ಕಾರಣ ಬೇಕಿಲ್ಲ. ಒಂದೇ ದಿಕ್ಕಿನ ಯಾನ ದೃಶ್ಯಕ್ಕೆ ಅತ್ಯಂತ ಶ್ರೀಮಂತ, ಮುಗಿದ ಮೇಲೆ ದೆನಾಲಿ ರಾಷ್ಟ್ರೀಯ ಉದ್ಯಾನಕ್ಕೂ ಹೋಗಬಹುದು. ಆದರೆ ಬೇರೆ ಬೇರೆ ಊರುಗಳಿಂದ ವಿಮಾನ ಹಿಡಿಯಬೇಕಾದ್ದರಿಂದ ಖರ್ಚು ಏರುತ್ತದೆ.

ದಾರಿಯ ಜೊತೆಗೆ ವೀಸಾ ಪ್ರಶ್ನೆಯೂ ಅಂಟಿಕೊಂಡಿದೆ, ಇದನ್ನು ಹಣ ಕಟ್ಟುವ ಮೊದಲೇ ತೀರಿಸಿಕೊಳ್ಳಬೇಕು. ಸಿಯಾಟಲ್‌ನಿಂದ ಸಿಯಾಟಲ್‌ಗೇ ಮರಳುವುದಾದರೆ ಅಮೆರಿಕದ ವೀಸಾ ಒಂದೇ ಸಾಕೆಂದು ಹಲವರು ಭಾವಿಸುತ್ತಾರೆ. ಆದರೆ ಅಮೆರಿಕದ 1886ರ ಕಾಯಿದೆಯೊಂದರ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಪ್ರಯಾಣಿಕರನ್ನು ಕರೆದೊಯ್ದು ಅಲ್ಲಿಗೇ ಮರಳಿಸುವುದಾದರೆ ನಡುವೆ ವಿದೇಶಿ ಬಂದರೊಂದನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳೆಲ್ಲವೂ ಬಹುಮಟ್ಟಿಗೆ ಬಹಾಮಾಸ್, ಪನಾಮಾ, ಬರ್ಮುಡಾ ಮುಂತಾದ ದೇಶಗಳಲ್ಲಿ ನೋಂದಣಿಯಾದವು. ಈ ಕಾರಣಕ್ಕಾಗಿಯೇ ಅವು ಸಾಮಾನ್ಯವಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಆದ್ದರಿಂದ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ಮಲ್ಟಿಪಲ್ ಎಂಟ್ರಿ ವೀಸಾ ಮತ್ತು ಕೆನಡಾದ ವೀಸಾ ಎರಡೂ ಬೇಕು. ಅಮೆರಿಕದಲ್ಲಿ ಎಚ್-1ಬಿ ಮೇಲೆ ಇರುವ ಭಾರತೀಯರಿಗೂ ಕೆನಡಾ ವೀಸಾದಿಂದ ವಿನಾಯಿತಿ ಇಲ್ಲ, ಗ್ರೀನ್ ಕಾರ್ಡ್ ಇದ್ದವರಿಗೆ ಇದೆ. ವಿಕ್ಟೋರಿಯಾದಲ್ಲಿ ಇಳಿಯದೆ ಹಡಗಿನಲ್ಲೇ ಕುಳಿತಿರುತ್ತೇವೆ ಎಂಬ ವಾದವನ್ನು ಚೆಕ್-ಇನ್ ಮೇಜಿನ ಮುಂದೆ ಹೂಡಲು ಹೋಗಬೇಡಿ. ತಂದೆ ಅಥವಾ ತಾಯಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ, ಅಥವಾ ಅಜ್ಜ ಅಜ್ಜಿಯರ ಜೊತೆ ಕಳಿಸುವುದಾದರೆ, ಉಳಿದವರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಅದೇ ಏಳು ರಾತ್ರಿಗಳ ಯಾನವಾದರೂ ಒಂದು ಹಡಗಿಗೂ ಇನ್ನೊಂದಕ್ಕೂ ಮುಖ್ಯ ವ್ಯತ್ಯಾಸ ಇರುವುದು ಅದು ಯಾವ ಹಿಮನದಿಯ ಮುಂದೆ ನಿಲ್ಲುತ್ತದೆ ಎಂಬುದರಲ್ಲಿ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಗರಿಷ್ಠ ಎರಡು ಕ್ರೂಸ್ ಹಡಗುಗಳಿಗೆ ಮಾತ್ರ ಪ್ರವೇಶ. ಆ ಪರವಾನಗಿಗಳಲ್ಲಿ ದೊಡ್ಡ ಪಾಲು ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕ ಕಂಪನಿಗಳದು, ನಾರ್ವೀಜಿಯನ್ ಕಂಪನಿಯ ಕೆಲವು ಹಡಗುಗಳಿಗೂ ಅವಕಾಶವಿದೆ. ಉದ್ಯಾನದ ರೇಂಜರ್‌ಗಳು ಬೆಳಿಗ್ಗೆ ದೋಣಿಯಲ್ಲಿ ಬಂದು ಹಡಗನ್ನೇರಿ ದಿನವಿಡೀ ವಿವರಣೆ ನೀಡುತ್ತಾರೆ. 1794ರಲ್ಲಿ ಇಂಗ್ಲಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ನೌಕಾತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿಯ ಹೆಚ್ಚಿನ ಭಾಗ ಮಂಜುಗಡ್ಡೆಯೇ ಆಗಿತ್ತು. 1916ರ ಹೊತ್ತಿಗೆ ಆ ಹಿಮ ಸುಮಾರು ನೂರು ಕಿಲೋಮೀಟರ್ ಹಿಂದೆ ಸರಿದಿತ್ತು. ಭೂಗೋಳದ ಪಾಠವನ್ನು ಅಂಕಕ್ಕಾಗಿ ಮಾತ್ರ ಓದಿದ ಹುಡುಗನಿಗೂ ಹುಡುಗಿಗೂ, ಆ ನೂರು ಕಿಲೋಮೀಟರ್ ದೂರವನ್ನು ಹಡಗಿನಲ್ಲಿ ಗಂಟೆಗಟ್ಟಲೆ ಸಾಗಿ ದಾಟುವಾಗ ಆ ಸಂಖ್ಯೆಯ ಅರ್ಥ ತಾನಾಗಿ ತಿಳಿಯುತ್ತದೆ.

ಒಂದೇ ದಿಕ್ಕಿನ ಯಾನಗಳಲ್ಲಿ ಹೆಚ್ಚಾಗಿ ಸಿಗುವ ಹಬ್ಬರ್ಡ್ ಹಿಮನದಿಯ ಅಂಚು ಸುಮಾರು ಹತ್ತು ಕಿಲೋಮೀಟರ್ ಅಗಲವಿದೆ. ಬಹುತೇಕ ಹಿಮನದಿಗಳು ಕುಗ್ಗುತ್ತಿರುವಾಗ ಇದು ಮುಂದಕ್ಕೆ ಸರಿಯುತ್ತಿರುವುದು ಒಂದು ವಿಶೇಷ. ಸಿಯಾಟಲ್‌ನ ಅನೇಕ ಯಾನಗಳಲ್ಲಿ ಇವೆರಡರ ಬದಲು ಎಂಡಿಕಾಟ್ ಆರ್ಮ್ ಅಥವಾ ಟ್ರೇಸಿ ಆರ್ಮ್ ಎಂಬ ಕಿರಿದಾದ ಕಡಲ ಕಣಿವೆಗಳನ್ನು ತೋರಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಟ್ರೇಸಿ ಆರ್ಮ್‌ನಲ್ಲಿ ಭಾರಿ ಭೂಕುಸಿತವಾಗಿ ದೊಡ್ಡ ಅಲೆ ಎದ್ದಿದ್ದರಿಂದ, ನಿಮ್ಮ ಯಾನದ ಪಟ್ಟಿಯಲ್ಲಿ ಆ ಹೆಸರಿದ್ದರೆ ಈಗಲೂ ಅಲ್ಲಿಗೇ ಹೋಗುತ್ತದೆಯೇ ಎಂದು ಕೇಳಿ ತಿಳಿಯಬೇಕು. ಇದಲ್ಲದೆ ಮೇ ತಿಂಗಳಲ್ಲಿ ಈ ಕಿರುಕಣಿವೆಗಳಲ್ಲಿ ತೇಲುವ ಮಂಜುಗಡ್ಡೆ ದಟ್ಟವಾಗಿದ್ದು, ಹಡಗು ಹಿಮನದಿಯ ಹತ್ತಿರಕ್ಕೆ ಹೋಗಲಾರದೆ ತಿರುಗಿ ಬರುವುದುಂಟು. ಮೇ ತಿಂಗಳಲ್ಲೇ ಹೋಗಬೇಕಾದ ನಮ್ಮ ಕಡೆಯ ಕುಟುಂಬಗಳು ಸ್ವಲ್ಪ ಹೆಚ್ಚು ಕೊಟ್ಟಾದರೂ ಗ್ಲೇಸಿಯರ್ ಬೇ ಇರುವ ಯಾನವನ್ನೇ ಹಿಡಿಯುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಹಿಮನದಿಯ ಮುಂದೆ ನಿಂತಾಗ ಮಕ್ಕಳಿಗೆ ಒಂದು ಮಾತು ಹೇಳಿಕೊಡಿ. ಹಡಗು ಹಿಮದ ಗೋಡೆಯಿಂದ ನಾನೂರು ಮೀಟರ್ ಅಥವಾ ಅದಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲುತ್ತದೆ. ಗೋಡೆಯ ತುಂಡೊಂದು ಕಳಚಿ ಬಿದ್ದ ಸದ್ದು ಅಷ್ಟು ದೂರ ಬರಲು ಒಂದು ಕ್ಷಣಕ್ಕಿಂತ ಹೆಚ್ಚು ಹಿಡಿಯುವುದರಿಂದ, ಗುಡುಗು ಕೇಳಿ ಫೋನ್ ಎತ್ತಿದವರಿಗೆ ಸಿಗುವುದು ನೀರಿನ ಚಿಮ್ಮು ಮಾತ್ರ. ನೀಲಿ ಬಣ್ಣ ಗಾಢವಾಗಿರುವ, ಪುಟ್ಟ ಚೂರುಗಳು ಪದೇ ಪದೇ ಉದುರುತ್ತಿರುವ ಒಂದು ಜಾಗವನ್ನು ಆರಿಸಿ, ಅದರ ಮೇಲೇ ಕ್ಯಾಮೆರಾ ನೆಟ್ಟು ಕಾಯುತ್ತಿರಬೇಕು. ಹಡಗು ನಿಂತಲ್ಲೇ ನಿಧಾನವಾಗಿ ತಿರುಗುವುದರಿಂದ ಎಡಬದಿಯ ಕೋಣೆ ಬೇಕೋ ಬಲಬದಿಯದು ಬೇಕೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬಂದರುಗಳನ್ನು ತೂಗುವಾಗ ಹೆಸರಿಗಿಂತ ಗಂಟೆಗಳನ್ನು ನೋಡಿ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ನಿಲ್ಲುವ ಊರಿನಲ್ಲಿ, ತಡವಾಗಿ ಏಳುವ ಮಕ್ಕಳೊಡನೆ ಏನನ್ನೂ ಸರಿಯಾಗಿ ನೋಡಲಾಗುವುದಿಲ್ಲ. ರಸ್ತೆಯ ಸಂಪರ್ಕವೇ ಇಲ್ಲದ ರಾಜಧಾನಿಯಾದ ಜೂನೋದಲ್ಲಿ ತಿಮಿಂಗಿಲ ನೋಡುವ ದೋಣಿಯಾನ ಮತ್ತು ಮೆಂಡನ್‌ಹಾಲ್ ಹಿಮನದಿ ಎರಡನ್ನೂ ಮುಗಿಸಲು ಎಂಟು ಗಂಟೆಯಾದರೂ ಬೇಕು. ಅಲ್ಲಿ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿಯಿದ್ದರೂ, ಐದೂ ಬಂದ ದಿನ ಬೀದಿಗಳಲ್ಲಿ ಜನ ತುಂಬಿರುತ್ತಾರೆ. ಸ್ಕ್ಯಾಗ್ವೆಯಲ್ಲಿ ಚಿನ್ನದ ಬೇಟೆಯ ಕಾಲದಲ್ಲಿ ಆರಂಭವಾಗಿ 1900ರಲ್ಲಿ ಪೂರ್ತಿಯಾದ ವೈಟ್ ಪಾಸ್ ನ್ಯಾರೋಗೇಜ್ ರೈಲಿದೆ. ಅದು ಮೂವತ್ತೆರಡು ಕಿಲೋಮೀಟರ್ ದೂರದಲ್ಲಿ ಸುಮಾರು 870 ಮೀಟರ್ ಎತ್ತರಕ್ಕೆ ಏರುತ್ತದೆ. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸವಿಲ್ಲ. ಆದರೆ ಹೋದ ಹಳಿಯಲ್ಲೇ ಮರಳುವಾಗ ಹದಿನೈದರ ಮಗ ನಿದ್ದೆ ಹೋದರೆ ಆಶ್ಚರ್ಯಪಡಬೇಕಿಲ್ಲ, ಅವನಿಗೆ ಬೆಟ್ಟದ ಮೇಲಿನಿಂದ ಹೆದ್ದಾರಿಯಲ್ಲಿ ಸೈಕಲ್‌ನಲ್ಲಿ ಇಳಿದು ಬರುವ ಪ್ರವಾಸವೇ ಸರಿ. ಹೂನಾ ಊರಿನ ಬಳಿಯ ಐಸಿ ಸ್ಟ್ರೇಟ್ ಪಾಯಿಂಟ್‌ನಲ್ಲಿ ಒಂದೂವರೆ ಕಿಲೋಮೀಟರ್‌ಗಿಂತ ಉದ್ದದ ಜಿಪ್‌ಲೈನ್ ಇದೆ. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ, ಎಂದರೆ ಆಗುಂಬೆಯ ಸುಮಾರು ಅರ್ಧದಷ್ಟು. ಅಲ್ಲಿ ಕಯಾಕ್ ಹತ್ತುವವರು ನೆನೆಯುವುದು ಖಚಿತ ಎಂದುಕೊಂಡೇ ಹೊರಡಬೇಕು. ಜೀನ್ಸ್ ಒಮ್ಮೆ ನೆನೆದರೆ ದಿನವಿಡೀ ಒಣಗುವುದಿಲ್ಲವಾದ್ದರಿಂದ, ತೆಳುವಾದ ಉಣ್ಣೆಯ ಒಳಪದರ, ಫ್ಲೀಸ್, ಮೇಲೆ ನೀರು ಹಿಡಿಯದ ಜಾಕೆಟ್ ಮತ್ತು ಪ್ಯಾಂಟು ಇದ್ದರೆ ದಪ್ಪ ಕೋಟಿನ ಅಗತ್ಯವಿರುವುದಿಲ್ಲ.

ಪ್ರತಿಯೊಂದು ಬಂದರಿನಲ್ಲೂ ಇಡೀ ಕುಟುಂಬ ಒಟ್ಟಿಗೇ ಇರಬೇಕೆಂಬ ಹಟ ಬೇಡ. ಒಂದು ಬಂದರಿನ ಆಯ್ಕೆಯನ್ನು ಪೂರ್ತಿ ಮಕ್ಕಳಿಗೇ ಬಿಟ್ಟು, ಹಣದ ಮಿತಿಯನ್ನಷ್ಟೇ ಹೇಳುವುದು ಜಾಣತನ. ಹೆಲಿಕಾಪ್ಟರ್‌ನಲ್ಲಿ ಹಿಮನದಿಯ ಮೇಲೆ ಇಳಿದು ನಾಯಿಗಳ ಜಾರುಬಂಡಿಯಲ್ಲಿ ಕೂರುವ ಪ್ರವಾಸಕ್ಕೆ ಒಬ್ಬರಿಗೇ 500 ಡಾಲರ್ ಮೀರುತ್ತದೆ, ಮತ್ತು ಮೋಡ ಕವಿದರೆ ಅದು ರದ್ದಾಗುತ್ತದೆ. ಕನಿಷ್ಠ ವಯಸ್ಸು, ಎತ್ತರ, ತೂಕಗಳ ನಿಯಮಗಳನ್ನು ಬುಕ್ ಮಾಡುವ ಮೊದಲು ಮಕ್ಕಳಿಂದಲೇ ಓದಿಸಿ.

ಹಡಗನ್ನು ನೋಡುವ ಹೊತ್ತು ಈಗ ಬಂತು. ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗದ ಹಡಗುಗಳಲ್ಲಿ ಗಾಳಿಯಲ್ಲಿ ತೇಲಿಸುವ ಯಂತ್ರವಿದೆ, ನಾರ್ವೀಜಿಯನ್ ಬ್ಲಿಸ್ ಹಡಗಿನ ಮೇಲ್ಭಾಗದಲ್ಲಿ ಗೋ-ಕಾರ್ಟ್ ಪಥವಿದೆ. ಇವು ಬೇಡವೆನ್ನುವುದಿಲ್ಲ, ಆದರೆ ಏಳು ದಿನಗಳಲ್ಲಿ ಪೂರ್ತಿ ಕಡಲಲ್ಲೇ ಕಳೆಯುವ ದಿನಗಳು ಎರಡೋ ಮೂರೋ ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಹದಿಹರೆಯದವರ ಕ್ಲಬ್ಬಿನ ವಯೋಮಿತಿ. ಕೆಲವು ಕಂಪನಿಗಳಲ್ಲಿ 13ರಿಂದ 17 ಒಂದೇ ಗುಂಪು. ಕಾರ್ನಿವಲ್‌ನಲ್ಲಿ 12ರಿಂದ 14 ಒಂದು, 15ರಿಂದ 17 ಇನ್ನೊಂದು. ಹದಿನಾಲ್ಕರ ತಂಗಿ, ಹದಿನಾರರ ಅಣ್ಣ ಒಟ್ಟಿಗಿದ್ದರೆ ಮಾತ್ರ ಇಬ್ಬರೂ ಒಳಗೆ ಹೋಗುತ್ತಾರೆ ಎಂದಿದ್ದಲ್ಲಿ ಈ ಒಂದು ಗೆರೆಯೇ ವಾರವನ್ನು ಕೆಡಿಸಬಲ್ಲದು. ಮೇ ತಿಂಗಳ ಯಾನದಲ್ಲಿ, ಅಮೆರಿಕದ ಶಾಲೆಗಳು ಇನ್ನೂ ನಡೆಯುತ್ತಿರುವುದರಿಂದ, ಓರಗೆಯ ಮಕ್ಕಳೇ ಕಡಿಮೆ ಎಂಬುದನ್ನೂ ಮೊದಲೇ ತಿಳಿಸಿಬಿಡಿ. ಹವಾಮಾನ ಹೇಗೇ ಇದ್ದರೂ ಬಳಸಬಹುದಾದ, ಚಾವಣಿ ಇರುವ ಬಿಸಿನೀರಿನ ಕೊಳ ಇದೆಯೇ ಎಂದು ನೋಡುವುದು ಮರೆಯಬಾರದು.

ನಾಲ್ವರೂ ಒಂದೇ ಕೋಣೆಯಲ್ಲಿದ್ದರೆ ಅಗ್ಗವೇನೋ ಹೌದು, ಆದರೆ ಒಂದೇ ಪುಟ್ಟ ಬಚ್ಚಲುಮನೆಯ ಮುಂದೆ ಬೆಳೆದ ಮಕ್ಕಳು ಸರದಿ ಕಾಯುವುದನ್ನು ಊಹಿಸಿಕೊಳ್ಳಿ. ನನ್ನ ಸಲಹೆ, ಹೆತ್ತವರಿಗೆ ಬಾಲ್ಕನಿ ಕೋಣೆ, ಮಕ್ಕಳಿಗೆ ಎದುರುಗಡೆಯ ಕಿಟಕಿಯಿಲ್ಲದ ಕೋಣೆ. ಬೆಳಗಿನ ನಾಲ್ಕಕ್ಕೇ ಬೆಳಕಾಗುವ ನಾಡಿನಲ್ಲಿ ಆ ಕತ್ತಲೆ ಕೋಣೆ ಅವರಿಗೆ ಸುಖನಿದ್ದೆ ಕೊಡುತ್ತದೆ. ಇಪ್ಪತ್ತೊಂದು ತುಂಬದವರು ಪ್ರತ್ಯೇಕ ಕೋಣೆಯಲ್ಲಿರಲು ಕಂಪನಿಗೊಂದು ನಿಯಮವಿರುತ್ತದೆ. ಪಕ್ಕದ ಅಥವಾ ಎದುರಿನ ಕೋಣೆಯಾದರೆ ಒಪ್ಪುವ ಕಂಪನಿಗಳಿವೆ, ಅದನ್ನು ಬರಹದಲ್ಲಿ ಪಡೆದುಕೊಳ್ಳಿ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ. ದೊಡ್ಡ ಹಡಗುಗಳಲ್ಲಿ ಸಸ್ಯಾಹಾರ, ಮುಂಚಿತವಾಗಿ ತಿಳಿಸಿದರೆ ಜೈನ ಊಟವೂ ಸಿಗುತ್ತದೆ, ಅನ್ನ ಮೊಸರಿಗೆ ಕೊರತೆಯಿಲ್ಲ. ಚಟ್ನಿಪುಡಿಯ ಪೊಟ್ಟಣ ಒಯ್ಯಬಹುದು, ವಿದ್ಯುತ್ ಕೆಟಲ್ ಅಥವಾ ಪುಟ್ಟ ರೈಸ್ ಕುಕ್ಕರ್ ಒಯ್ದರೆ ಭದ್ರತಾ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಟಿಕೆಟ್ ದರದಲ್ಲಿ ಸೇರದ ಟಿಪ್ಸ್ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ಆಗುವುದರಿಂದ ನಾಲ್ವರಿಗೆ ಒಂದು ವಾರಕ್ಕೆ ಸುಮಾರು 500 ಡಾಲರ್ ಎತ್ತಿಡಬೇಕು. ವೈಫೈ ಸಾಧನಕ್ಕೊಂದರಂತೆ ಬೇರೆ ಲೆಕ್ಕ, ಫೋನುಗಳನ್ನು ಏರ್‌ಪ್ಲೇನ್ ಮೋಡ್‌ನಲ್ಲಿ ಇಡದಿದ್ದರೆ ಕಡಲ ಮೇಲಿನ ರೋಮಿಂಗ್ ಬಿಲ್ಲು ಕಾಡುತ್ತದೆ.

ಅಮೆರಿಕದ ವೀಸಾ ಸಂದರ್ಶನದ ದಿನಾಂಕ ಸಿಗದಿದ್ದರೆ ಷೆಂಗೆನ್ ವೀಸಾದಲ್ಲಿ ನಾರ್ವೆಯ ಕಡಲ ಕಣಿವೆಗಳನ್ನು ನೋಡಬಹುದು. 1893ರಲ್ಲಿ ಆರಂಭವಾಗಿ ಈಗ ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ ನಡೆಯುವ ಕರಾವಳಿ ಹಡಗಿನ ಸೇವೆ ಸುಂದರವೇ, ಆದರೆ ಅದರಲ್ಲಿ ಹುಡುಗರಿಗೆ ಬೇಕಾದ ಆಟಪಾಟಗಳಿಲ್ಲ. ಅಂಟಾರ್ಕ್ಟಿಕ ಬೇರೆಯೇ ಲೆಕ್ಕ. ಅಲ್ಲಿ ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗುಗಳಿಂದ ಯಾರನ್ನೂ ದಡಕ್ಕೆ ಇಳಿಸುವುದಿಲ್ಲ, ಇಳಿಸುವ ಸಣ್ಣ ಹಡಗುಗಳ ದರ ಅಲಾಸ್ಕಾದ ಹಲವು ಪಟ್ಟು.

ಮುಂಗಡ ಕಟ್ಟುವಾಗ ಅದು ಹಿಂದಿರುಗುವ ಮುಂಗಡವೇ ಎಂದು ಕೇಳಿ, ಪೂರ್ತಿ ಹಣ ಕಟ್ಟಬೇಕಾದ ದಿನವನ್ನು ಬರೆದಿಟ್ಟುಕೊಳ್ಳಿ. ಅದು ಸಾಮಾನ್ಯವಾಗಿ ಯಾನಕ್ಕೆ ಸುಮಾರು ಮೂರು ತಿಂಗಳ ಮೊದಲು ಬರುತ್ತದೆ, ಎರಡೂ ವೀಸಾಗಳು ಆ ದಿನದೊಳಗೆ ಕೈಗೆ ಬಂದಿರಬೇಕು. ವಿಮಾನವನ್ನು ಹಡಗು ಹೊರಡುವ ಹಿಂದಿನ ದಿನವೇ ತಲುಪುವಂತೆ ಬುಕ್ ಮಾಡಿ. ವ್ಯಾಂಕೂವರ್‌ನ ಬಂದರಿನಲ್ಲಿ ಅಮೆರಿಕದ ವಲಸೆ ತಪಾಸಣೆಯೂ ಹಡಗು ಹತ್ತುವ ಮೊದಲೇ ನಡೆಯುವುದರಿಂದ, ಅಲ್ಲಿಗೆ ಮಧ್ಯಾಹ್ನದ ಊಟಕ್ಕಿಂತ ಮುಂಚೆಯೇ ಹೋಗಿ ನಿಲ್ಲುವುದು ಕ್ಷೇಮ.