ಪಾಸೆ ಅಂದರೆ ನಿಲ್ಲಬೇಕೋ, ದಾಟಬೇಕೋ?

ಬ್ಯಾಲೆ ಕ್ಲಾಸಿನಲ್ಲಿ ‘ಪಾಸೆ’ ಎಂದು ಕೇಳಿಸಿದಾಗ ಏನು ಮಾಡಬೇಕು ಎನ್ನುವುದು, ಹೇಳುತ್ತಿರುವವರು ಯಾರು ಎನ್ನುವುದರ ಮೇಲಿದೆ. ಕೆಲವರಿಗೆ ಅದೊಂದು ಭಂಗಿ: ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಬೆರಳ ತುದಿಯನ್ನು ಮಂಡಿಗೆ ತಾಗಿಸಿ ಹಾಗೇ ಇರುವುದು. ಇನ್ನು ಕೆಲವರಿಗೆ ಪಾದ ಮಂಡಿಯವರೆಗೂ ಏರಿ, ಮುಂದಿನಿಂದ ಹಿಂದಕ್ಕೋ ಹಿಂದಿನಿಂದ ಮುಂದಕ್ಕೋ ದಾಟಿ ಇಳಿದರೆ ಮಾತ್ರ ಪಾಸೆ. ಎರಡೂ ಬಗೆಯ ಟೀಚರುಗಳ ಬಳಿ ಕಲಿತವಳು ನಾನು. ನನ್ನ ಒಲವು ಎರಡನೆಯದರ ಕಡೆಗೆ.

ಫ್ರೆಂಚಿನಲ್ಲಿ ಈ ಪದಕ್ಕೆ ‘ದಾಟಿದ’, ‘ಹಾದುಹೋದ’ ಎಂಬ ಅರ್ಥ. ಮಂಡಿಯ ಬಳಿ ಪಾದ ನಿಂತ ಭಂಗಿಗೆ ‘ರೆಟಿರೆ’ ಎಂಬ ಬೇರೆ ಹೆಸರೇ ಇದೆ. ಅಂದರೆ ಒಳಗೆ ಎಳೆದುಕೊಂಡದ್ದು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡಾನ್ಸ್ ಪದ್ಧತಿಯಲ್ಲಿ ಭಂಗಿಗೆ ರೆಟಿರೆ ಎಂದೇ ಹೇಳುತ್ತಾರೆ. ಅಮೆರಿಕದ ಕ್ಲಾಸುಗಳಲ್ಲಿ ಎರಡಕ್ಕೂ ಪಾಸೆ ಎನ್ನುವುದು ಸಾಮಾನ್ಯ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1661ರಲ್ಲಿ ನೃತ್ಯಕ್ಕೊಂದು ಅಕಾಡೆಮಿ ತೆರೆದ ಕಾಲದಿಂದ ಬ್ಯಾಲೆಯ ಮಾತು ಫ್ರೆಂಚೇ ಆದರೂ, ಊರೂರಿಗೆ ಹೋದಂತೆ ಬಳಕೆ ಹೀಗೆ ಸಡಿಲವಾಗಿದೆ.

ಬಾರ್, ಅಂದರೆ ಆಸರೆಯ ಅಡ್ಡಕಂಬಿ, ಹಿಡಿದು ನಾನು ಅಭ್ಯಾಸ ಮಾಡುವುದು ಹೀಗೆ. ಐದನೇ ಪೊಸಿಷನ್ನಿನಲ್ಲಿ, ಅಂದರೆ ಹೊರಕ್ಕೆ ತಿರುಗಿದ ಪಾದಗಳನ್ನು ಒಂದರ ಮುಂದೊಂದು ಒತ್ತಾಗಿ ಇಟ್ಟು ನಿಂತು, ಮುಂದಿನ ಪಾದವನ್ನು ಮೊದಲು ಕಣಕಾಲಿಗೆ ತರುತ್ತೇನೆ. ಅಲ್ಲಿಂದ ಮೇಲಕ್ಕೆ ಹೋಗುವಾಗ ಬೆರಳ ತುದಿ ನಿಂತ ಕಾಲನ್ನು ಸವರುತ್ತಲೇ ಇರಬೇಕು. ಚರ್ಮ ಬಿಟ್ಟು ಗಾಳಿಗೆ ಬಂತೆಂದರೆ ದಾರಿ ತಪ್ಪಿತು. ತೊಡೆ ಪಕ್ಕಕ್ಕೆ ತೆರೆದೇ ಇರಬೇಕು, ಆದರೆ ಅದರ ಜೊತೆ ಸೊಂಟ ಮೇಲೇಳಬಾರದು. ಇದೇ ಅತಿ ಕಷ್ಟ. ಮಂಡಿಯನ್ನು ಇನ್ನಷ್ಟು ಎತ್ತುವ ಆಸೆಗೆ ಸೊಂಟ ತಾನಾಗಿ ಮೇಲೆ ಬರುತ್ತದೆ, ಎತ್ತರ ಸಿಕ್ಕಿದಂತೆ ಕಾಣುತ್ತದೆ, ಸಮತೋಲನ ಮಾತ್ರ ಹೋಗಿರುತ್ತದೆ. ನಾನು ಎತ್ತರ ಬಿಟ್ಟು ಸೊಂಟ ಉಳಿಸಿಕೊಳ್ಳುತ್ತೇನೆ. ಮಂಡಿ ತಲುಪಿದ ಪಾದವನ್ನು ಅಲ್ಲಿ ತಂಗಲು ಬಿಡದೆ ಪಕ್ಕದಿಂದ ಹಿಂದಕ್ಕೆ ದಾಟಿಸಿ, ಹೋದಷ್ಟೇ ನಿಧಾನವಾಗಿ ಇಳಿಸುತ್ತೇನೆ.

ಇಂಗ್ಲಿಷಿನಲ್ಲಿ ಬರೆದ ಅಭ್ಯಾಸದ ಟಿಪ್ಪಣಿ ಓದುವಾಗ ಪಕ್ಕದ ಪದ ನೋಡುತ್ತೇನೆ. ‘ಥ್ರೂ ಪಾಸೆ’ ಎಂದಿದ್ದರೆ ಕಾಲು ನಿಲ್ಲದೆ ಮುಂದೆ ಸಾಗಬೇಕು, ಹೆಚ್ಚಾಗಿ ಡೆವಲೊಪೆಗೆ, ಅಂದರೆ ಮಡಿಸಿದ ಕಾಲನ್ನು ಗಾಳಿಯಲ್ಲಿ ನಿಧಾನವಾಗಿ ಚಾಚುವುದಕ್ಕೆ. ‘ಹೋಲ್ಡ್ ಪಾಸೆ’ ಎಂದಿದ್ದರೆ ಅದು ರೆಟಿರೆಯೇ. ‘ಪಾಸೆ ಪಾರ್ ತೇರ್’ ಎಂದರೆ ಮಂಡಿಯ ಮಾತೇ ಇಲ್ಲ. ಪಾದ ನೆಲದ ಮೇಲೇ ಒಂದನೇ ಪೊಸಿಷನ್ (ಹಿಮ್ಮಡಿಗಳು ಕೂಡಿ, ಬೆರಳುಗಳು ಹೊರಕ್ಕೆ) ಹಾದು ಆಚೆ ಹೋಗುತ್ತದೆ.

ಪಿರೊಯೆಟ್ ಎಂದರೆ ಒಂಟಿಕಾಲ ಮೇಲೆ ಸುತ್ತುವುದು; ಐದನೇ ಪೊಸಿಷನ್ನಿನಿಂದ ಹೊರಮುಖವಾಗಿ, ಅಂದರೆ ನಿಂತ ಕಾಲಿನಿಂದ ಆಚೆಗೆ, ಸುತ್ತುವ ಪಿರೊಯೆಟ್‌ನಲ್ಲಿ ನಿಲ್ಲುವುದು, ದಾಟುವುದು ಎರಡೂ ಸೇರಿಕೊಂಡಿವೆ. ಸುತ್ತುವಷ್ಟು ಹೊತ್ತೂ ಪಾದ ಮಂಡಿಯ ಮುಂದೆ, ರೆಟಿರೆಯಲ್ಲಿ. ಸುತ್ತು ಮುಗಿಯುವ ಗಳಿಗೆಯಲ್ಲಷ್ಟೇ ಅದನ್ನು ಹಿಂದಕ್ಕೆ ದಾಟಿಸಿ ಐದನೆಯದಕ್ಕೆ ಮುಚ್ಚುತ್ತೇನೆ.