ಹಳೆಯ ಮನೆಯ ಪವರ್ ಶವರ್ ಬದಲಿಸಿದ ನನ್ನ ಅನುಭವ

ಕೋಲಾರದ ನಮ್ಮ ಹಳೆಯ ಮನೆಯಲ್ಲಿ ತಾರಸಿಯ ತೊಟ್ಟಿ ಶವರಿಗಿಂತ ಒಂದೂವರೆ ಮೀಟರ್ ಮಾತ್ರ ಎತ್ತರದಲ್ಲಿದ್ದು, ಹತ್ತು ಮೀಟರಿಗೆ ಸುಮಾರು 1 ಬಾರ್ ಎಂಬ ಲೆಕ್ಕದಲ್ಲಿ ಸಿಗುವ ಒತ್ತಡ 0.15 ಬಾರ್ ಅಷ್ಟೇ ಆದ್ದರಿಂದ, ಪಂಪ್ ಇರುವ ಪವರ್ ಶವರನ್ನು ಹಿಂದೆಯೇ ಹಾಕಿಸಿದ್ದೆವು. ಯುಗಾದಿಯ ಎಣ್ಣೆಸ್ನಾನದ ಬೆಳಿಗ್ಗೆಯೇ ಅದು ಗುಂಯ್‌ಗುಟ್ಟಿ ನಿಂತಿತು.

ಮೋಟಾರ್ ಸುಟ್ಟಿದೆ ಎಂದು ರಿಪೇರಿಯವರು ನೋಡದೆಯೇ ಹೇಳಿದರು. ಮೇನ್ ಸ್ವಿಚ್ ಆರಿಸಿ ಬಿಚ್ಚಿದಾಗ ಕಂಡದ್ದು ಬೇರೆ: ಕೊಳವೆಬಾವಿಯ ಗಡಸು ನೀರಿನ ಸುಣ್ಣ ಇಂಪೆಲ್ಲರಿನ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರದ) ರೆಕ್ಕೆಗಳ ನಡುವೆ ಮೊಟ್ಟೆಯ ಚಿಪ್ಪಿನಂತೆ ಗಟ್ಟಿಯಾಗಿತ್ತು. ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿದ ಮೇಲೆ ಅದು ತಿರುಗಿತಾದರೂ, ಸವೆದ ಸೀಲಿನಿಂದ ನೀರು ಮೋಟಾರಿನ ವೈಂಡಿಂಗಿಗೆ, ಅಂದರೆ ತಂತಿಸುರುಳಿಗೆ, ಇಳಿದಿದ್ದುದರಿಂದ ಹೊಸದನ್ನೇ ತಂದೆ.

ನಿಜವಾದ ಕಷ್ಟವೆಂದರೆ ಗೋಡೆಯೊಳಗಿನ ತುಕ್ಕು ಹಿಡಿದ ಜಿಐ (ಸತು ಲೇಪಿತ ಕಬ್ಬಿಣದ) ಪೈಪು. ಒಂದೇ ಸ್ಪ್ಯಾನರಿನಿಂದ ನಟ್ಟು ತಿರುಗಿಸಲು ಹೋದರೆ ಪೈಪೇ ತಿರುಚಿಕೊಂಡು ಒಳಗೆ ಸೋರಲು ಆರಂಭಿಸುತ್ತದೆ ಎಂಬುದು ತಣ್ಣೀರಿನ ಕಡೆ ಗೊತ್ತಾಗಿ, ಮೂರು ಟೈಲ್ಸ್ ಒಡೆಯಬೇಕಾಯಿತು. ಬಿಸಿನೀರಿನ ಕಡೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಮರುದಿನ ಪೈಪನ್ನು ಒಂದು ಸ್ಪ್ಯಾನರಿನಿಂದ ಹಿಡಿದು ಇನ್ನೊಂದರಿಂದ ಸಡಿಲಿಸಿದೆ.

ಹೊಸ ಶವರಿಗೆ ನೀರು ಸೇರುವ ಮುಂಚಿನ ಜಾಗದಲ್ಲಿ ಜಾಲರಿ ಫಿಲ್ಟರನ್ನೂ ಎರಡು ವಾಲ್ವ್‌ಗಳನ್ನೂ ಕೂರಿಸಿದೆ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಟ್ಟೆ; ಅರ್ತಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿದರು. ಪೈಪಿನಲ್ಲಿ ಸಿಕ್ಕಿದ್ದ ಗಾಳಿಯನ್ನು ಹೊರಬಿಟ್ಟು ಪಂಪ್ ಚಾಲೂ ಮಾಡಿದೆವು. ಫಿಲ್ಟರನ್ನು ಈಗ ತಿಂಗಳಿಗೊಮ್ಮೆ ತೊಳೆಯುತ್ತೇನೆ. ಪ್ರತಿಸಲವೂ ಚಿಟಿಕೆಯಷ್ಟು ಬಿಳಿ ಪುಡಿ ಸಿಗುತ್ತದೆ.