ತಪ್ಪು ನಿಮ್ಮದಲ್ಲ, ಆದರೂ ಫೋನು ನೀವೇ ಮಾಡಿ

ಶಿರಸಿಯ ಯಲ್ಲಾಪುರ ನಾಕೆಯಲ್ಲಿ ಆಟೋವೊಂದು ನಿಮ್ಮ ಕಾರಿನ ಬಾಗಿಲು ಸವರಿಕೊಂಡು ಹೋದರೆ ಮುಂದೇನಾಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನೋಡನೋಡುತ್ತಿದ್ದಂತೆ ಜನ ಸೇರುತ್ತಾರೆ. ಒಬ್ಬರು ‘ನೀವು ಇಂಥವರ ಮನೆಯವರಲ್ಲವೇ’ ಎಂದು ಗುರುತು ಹಿಡಿಯುತ್ತಾರೆ, ಇನ್ನೊಬ್ಬರಿಗೆ ಆಟೋದವನ ಅಣ್ಣನ ಪರಿಚಯ ಇರುತ್ತದೆ. ಮಾತು ಏರುತ್ತದೆ, ಇಳಿಯುತ್ತದೆ. ಕೊನೆಗೆ ಆಟೋದವನು ಐನೂರು ರೂಪಾಯಿ ಕೊಡುತ್ತಾನೆ, ಇಲ್ಲವೇ ‘ಪರಿಚಯದ ಗ್ಯಾರೇಜಿದೆ, ಸರಿ ಮಾಡಿಸಿಕೊಡುತ್ತೇನೆ’ ಎನ್ನುತ್ತಾನೆ. ವಿಮೆಯ ಕಾಗದ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇರುತ್ತದೆ. ಅದು ಪೊಲೀಸರು ಕೈ ಅಡ್ಡ ಹಾಕಿದಾಗ ತೋರಿಸಲು ಮಾತ್ರ. ಇದು ಬರೀ ಸೋಮಾರಿತನವೂ ಅಲ್ಲ. ನಮ್ಮಲ್ಲಿ ಎದುರಿನವನ ವಿಮೆಯಿಂದ ಗಾಡಿಯ ಹಾನಿ ವಸೂಲು ಮಾಡಬೇಕೆಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಒಂದು ಡೆಂಟಿಗಾಗಿ ಅಷ್ಟು ದೂರ ಹೋಗುವವರು ಯಾರು? ತಪ್ಪು ಯಾರದೇ ಇರಲಿ, ನಮ್ಮ ಪಾಲಿಸಿಯಲ್ಲೇ ಕ್ಲೈಮ್ ಮಾಡಿ, ನೋ ಕ್ಲೈಮ್ ಬೋನಸ್ ಕಳೆದುಕೊಂಡು, ಕೈ ತೊಳೆದುಕೊಳ್ಳುತ್ತೇವೆ.

ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ತಪ್ಪು ಎದುರಿನವನದಾಗಿದ್ದರೆ ಅವನ ವಿಮಾ ಕಂಪನಿಗೆ ನೀವೇ ನೇರವಾಗಿ ಫೋನು ಮಾಡಿ ನಷ್ಟ ಕೇಳಬಹುದು. ವಕೀಲ ಬೇಡ, ಏಜೆಂಟ್ ಬೇಡ, ನ್ಯಾಯಮಂಡಳಿ ಬೇಡ. ಇಷ್ಟು ಸುಲಭದ ಸಂಗತಿ ನಮ್ಮವರಿಗೆ ಮಾತ್ರ ತಲೆಗೆ ಹೋಗುವುದಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿದ ನಾನು ಈ ಮಳೆಗಾಲದಲ್ಲಿ ಊರಲ್ಲಿದ್ದೇನೆ. ಸೆಪ್ಟೆಂಬರಿಗೆ ಅಲ್ಲಿಗೆ ಹೊರಡುವ ಹುಡುಗ ಹುಡುಗಿಯರ ಮನೆಯವರು ಶಿರಸಿಯಲ್ಲೂ ಕುಮಟೆಯಲ್ಲೂ ಸಿಕ್ಕಿ ಕೇಳುವುದು ಚಳಿಯ ಬಗ್ಗೆ, ಬಾಡಿಗೆಯ ಬಗ್ಗೆ, ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬ ವಿಮಾನದಲ್ಲಿ ಬಿಡುತ್ತಾರೆಯೇ ಎಂಬುದರ ಬಗ್ಗೆ. ಕಾರಿನ ವಿಮೆಯ ವಿಚಾರ ಯಾರ ಬಾಯಲ್ಲೂ ಬರುವುದಿಲ್ಲ. ಹೋದ ಮೊದಲ ಚಳಿಗಾಲದಲ್ಲೇ ಹಳೆಯ ಕಾರೊಂದನ್ನು ಕೊಳ್ಳುತ್ತಾರೆ. ಭಾರತದ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳು ಓಡಿಸಬಹುದು, ರಸ್ತೆಯ ಎಡಬದಿಯೂ ನಮ್ಮದೇ, ದೇವಿಮನೆ ಘಟ್ಟವನ್ನು ಆಷಾಢದ ಮಳೆಯಲ್ಲಿ ಇಳಿದವರಿಗೆ ಅಲ್ಲಿನ ರಸ್ತೆ ಯಾವ ಲೆಕ್ಕ ಎಂಬ ಧೈರ್ಯ ಬೇರೆ. ನೀವು ಚೆನ್ನಾಗಿಯೇ ಓಡಿಸುತ್ತೀರಿ. ಹಿಂದಿನಿಂದ ಬಂದು ಗುದ್ದುವವನು ನಿಮ್ಮ ಧೈರ್ಯ ನೋಡಿ ಗುದ್ದುವುದಿಲ್ಲ.

ಸಿದ್ದಾಪುರದ ನನ್ನ ಅಕ್ಕನ ಮಗನಿಗೆ ಆದದ್ದು ಅದೇ. ಇಂಗ್ಲೆಂಡಿನ ರೀಡಿಂಗ್ ಪಟ್ಟಣದ ಒಂದು ವೃತ್ತದಲ್ಲಿ ಸರದಿಗಾಗಿ ನಿಂತಿದ್ದ ಕಾರಿಗೆ ವ್ಯಾನೊಂದು ಹಿಂದಿನಿಂದ ಬಂದು ಗುದ್ದಿತು. ಬಂಪರ್ ಒಡೆಯಿತು, ಡಿಕ್ಕಿಯ ಬಾಗಿಲು ಮುಚ್ಚದಂತಾಯಿತು. ಇವನು ಕೆಳಗಿಳಿದು ಮೊದಲು ಮಾಡಿದ ಕೆಲಸ ‘ಸಾರಿ’ ಎಂದದ್ದು! ಗುದ್ದಿಸಿಕೊಂಡವನೇ ಕ್ಷಮೆ ಕೇಳುವ ಈ ಸಂಸ್ಕಾರ ನಮ್ಮ ಮನೆಗಳದ್ದು, ಬಿಡಿ. ಆದರೆ ಅದನ್ನು ಅಲ್ಲೇ ನಿಂತು ಕೇಳಿಸಿಕೊಂಡವನು ಮರುದಿನ ತನ್ನ ಕಂಪನಿಗೆ ‘ಅವನೇ ತಪ್ಪೊಪ್ಪಿಕೊಂಡ’ ಎಂದು ಬರೆದುಕೊಟ್ಟರೆ ಅಲ್ಲಗಳೆಯುತ್ತಾ ಕೂರಬೇಕಾದವರು ನೀವು. ಪೆಟ್ಟಾಯಿತೇ ಎಂದು ಕೇಳಿ, ನೀರು ಕೊಡಿ. ತಪ್ಪು ಯಾರದು ಎಂಬ ವಿಷಯಕ್ಕೆ ಬಾಯಿ ಹಾಕಬೇಡಿ.

ಅಲ್ಲಿ ನಿಂತು ಮಾಡಬೇಕಾದದ್ದನ್ನು ಬೇಗ ಹೇಳಿಬಿಡುತ್ತೇನೆ. ಗಾಡಿ ಸರಿಸುವ ಮೊದಲೇ ಎರಡೂ ಗಾಡಿ, ಎರಡೂ ನಂಬರ್ ಪ್ಲೇಟ್, ರಸ್ತೆಯ ಗೆರೆ, ಒಡೆದ ಭಾಗ ಎಲ್ಲದರ ಫೋಟೋ. ಚಾಲಕನ ಹೆಸರು, ವಿಳಾಸ, ಫೋನು, ವಿಮಾ ಕಂಪನಿ. ಹೆಸರು, ವಿಳಾಸ ಕೊಡುವುದು ಅವರ ಉಪಕಾರವಲ್ಲ. 1988ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ ಅದು ಅವರ ಕರ್ತವ್ಯ, ನಿಮ್ಮದೂ ಹೌದು. ಕೊಡದೆ ಹೋದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿ. ನಮ್ಮ ಮೋಟಾರು ವಾಹನ ಕಾಯ್ದೆಯೂ 1988ರದ್ದೇ, ಆದರೆ ಅಪಘಾತವಾದ ಜಾಗದಲ್ಲಿ ಅದನ್ನು ಯಾರಾದರೂ ನೆನೆದದ್ದನ್ನು ನಾನು ಕಂಡಿಲ್ಲ. ಸಾಕ್ಷಿ ಇದ್ದರೆ ಅವರ ನಂಬರನ್ನು ಕೂಡಲೇ ಬರೆದುಕೊಳ್ಳಿ. ಅಲ್ಲಿ ಜನ ಗುಂಪು ಕಟ್ಟಿ ನಿಲ್ಲುವುದಿಲ್ಲ, ದೀಪ ಹಸಿರಾಯಿತೆಂದರೆ ಹೊರಟುಹೋಗುತ್ತಾರೆ.

ಹುಡುಗ ಫೋಟೋ ತೆಗೆದಿದ್ದ. ಕೆಟ್ಟದ್ದು ಆಮೇಲೆ. ಸಂಜೆ ಗಾಬರಿಯಲ್ಲಿ ತನ್ನ ವಿಮಾ ಕಂಪನಿಯ ನಂಬರನ್ನು ಮೊಬೈಲಿನಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೆ ಕರೆ ಮಾಡಿದ. ಅದು ಕಂಪನಿಯದ್ದಲ್ಲ, ಜಾಹೀರಾತು ಕೊಟ್ಟು ಮೇಲೆ ಕುಳಿತಿದ್ದ, ಅಪಘಾತವಾದವರ ಪರವಾಗಿ ಕ್ಲೈಮ್ ನಡೆಸುವ ಒಂದು ಅಪಘಾತ ನಿರ್ವಹಣಾ ಸಂಸ್ಥೆಯದ್ದು. ಮಾತಿನಲ್ಲಿ ಬೆಣ್ಣೆ. ‘ನಿಮ್ಮ ತಪ್ಪಿಲ್ಲ, ನಿಮಗೆ ಒಂದು ಪೆನ್ನಿಯೂ ಖರ್ಚಿಲ್ಲ, ಎಲ್ಲ ನಾವು ನೋಡಿಕೊಳ್ಳುತ್ತೇವೆ.’ ಮರುದಿನವೇ ಇವನ ಹಳೆಯ ಕಾರಿಗಿಂತ ಎರಡು ಪಟ್ಟು ದೊಡ್ಡ ಕಾರು ಬಾಗಿಲಿಗೆ ಬಂತು. ತಂದವನು ಹಿಡಿದ ಫಲಕದ ಮೇಲೆ ಇವನು ಬೆರಳಿನಿಂದ ಸಹಿ ಗೀಚಿದ. ಆಮೇಲೆ ವಿಡಿಯೋ ಕರೆಯಲ್ಲಿ ಆಯಿಗೆ ಕಾರು ತೋರಿಸಿದ. ಅಕ್ಕ ಸಿದ್ದಾಪುರದ ಅಡುಗೆಮನೆಯಿಂದಲೇ ಕೇಳಿದಳು: ‘ಗುದ್ದಿಸಿಕೊಂಡದ್ದಕ್ಕೆ ಇಷ್ಟು ದೊಡ್ಡ ಕಾರು ಕೊಡುತ್ತಾರೆಯೇ ತಮಾ? ಬಾಡಿಗೆ ಯಾರ ತಲೆಯ ಮೇಲೆ?’

ಇಡೀ ವ್ಯವಹಾರದಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಬಾಡಿಗೆ ಇವನ ತಲೆಯ ಮೇಲೆಯೇ. ಆ ಕಾರು ಸಾಲದ ಬಾಡಿಗೆಯದು. ದಿನದ ದರ ಮಾಮೂಲಿ ಬಾಡಿಗೆಗಿಂತ ಬಹಳ ಹೆಚ್ಚು. ಆ ಸಾಲ ನಿಮ್ಮ ಹೆಸರಿನಲ್ಲಿ ಬೆಳೆಯುತ್ತದೆ. ಸಂಸ್ಥೆ ಅದನ್ನು ಎದುರಿನ ವಿಮಾ ಕಂಪನಿಯಿಂದ ವಸೂಲು ಮಾಡಲು ನೋಡುತ್ತದೆ. ಅವರು ‘ಇಷ್ಟು ದರ ಏಕೆ, ಇಷ್ಟು ದಿನ ಏಕೆ, ಇಷ್ಟು ದೊಡ್ಡ ಕಾರು ಏಕೆ’ ಎಂದು ತಗಾದೆ ತೆಗೆದರೆ ಕೋರ್ಟಿಗೆ ಹೋಗುತ್ತದೆ, ಅದೂ ನಿಮ್ಮ ಹೆಸರಿನಲ್ಲಿ. ಹುಡುಗನ ಕೈಗೆ ಬಂದ ಕಾಗದದಲ್ಲಿ ವಾದಿ ಎಂದು ಇವನ ಪೂರ್ತಿ ಹೆಸರು, ಅಪ್ಪನ ಹೆಸರು ಸಹಿತ, ದಪ್ಪ ಅಕ್ಷರದಲ್ಲಿತ್ತು. ಗಡಿಕಲ್ಲಿನ ವ್ಯಾಜ್ಯವನ್ನು ತಲೆಮಾರುಗಟ್ಟಲೆ ಎಳೆದ ಮನೆತನಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಕೋರ್ಟಿಗೆ ಹೋಗಿದ್ದೇವೆ ಎಂಬುದು ಅವರಿಗಾದರೂ ಗೊತ್ತಿತ್ತು.

ಅವನಿಗೆ ಬುದ್ಧಿವಾದ ಹೇಳಲು ಹೋಗಿ ನನಗೆ ನಾಲಿಗೆ ಹೊರಳಲಿಲ್ಲ. ನಾವೆಲ್ಲ ಹೀಗೇ ಬೆಳೆದವರು. ಕಾರವಾರದ ಆರ್‌ಟಿಒ ಕಚೇರಿಯಲ್ಲಿ ಆಗಲಿ ಶಿರಸಿಯದರಲ್ಲಿ ಆಗಲಿ, ಕಂಕುಳಲ್ಲಿ ಫೈಲು ಹಿಡಿದವರೊಬ್ಬರು ‘ನೀವು ಮನೆಗೆ ಹೋಗಿ, ನಾನು ನೋಡಿಕೊಳ್ಳುತ್ತೇನೆ’ ಎಂದರೆ ನಮ್ಮ ಅರ್ಧ ಜ್ವರ ಇಳಿಯುತ್ತದೆ. ತೋಟದ ಖಾತೆ ಬದಲಾವಣೆ, ಪಾಸ್‌ಪೋರ್ಟು, ಮಗನ ಸೀಟು, ಎಲ್ಲದಕ್ಕೂ ನಡುವೆ ಒಬ್ಬರು ಬೇಕು. ಅದನ್ನು ಹಳಿಯುವವನಲ್ಲ ನಾನು. ಇಲ್ಲಿ ನಡುವಿನವನ ಮನೆ ಎಲ್ಲಿ, ಅವನ ದರ ಎಷ್ಟು ಎಂಬುದು ನಮಗೆ ತಿಳಿದಿರುತ್ತದೆ. ಕೆಲಸ ಕೆಟ್ಟರೆ ಸಂತೆಯಲ್ಲಿ ಅಡ್ಡಗಟ್ಟಿ ಕೇಳಬಹುದು. ಅಲ್ಲಿನ ನಡುವಿನವನಿಗೆ ಮುಖವಿಲ್ಲ, ದರವನ್ನು ಹೇಳುವುದಿಲ್ಲ, ನಿಮ್ಮನ್ನು ಅವನ ಕೈಗೆ ದಾಟಿಸಿದ ಗ್ಯಾರೇಜಿನವರಿಗೋ ಗಾಡಿ ಎಳೆದೊಯ್ದವರಿಗೋ ಕಮಿಷನ್ ಹೋಗಿರಬಹುದು. ಕೆಲವೊಮ್ಮೆ ಸಂಕ್ರಾಂತಿಯ ಊಟದ ಪಂಕ್ತಿಯಲ್ಲಿ ನಮ್ಮವರೇ ಒಬ್ಬರು ‘ನನ್ನ ಪರಿಚಯದವರಿದ್ದಾರೆ’ ಎಂದು ಕಾರ್ಡು ದಾಟಿಸುತ್ತಾರೆ. ಕನ್ನಡದಲ್ಲಿ ಕೇಳಿಸಿತು ಎಂಬ ಒಂದೇ ಕಾರಣಕ್ಕೆ ನಾವು ನಂಬುತ್ತೇವೆ. ಪರದೇಶದಲ್ಲಿ ಕನ್ನಡ ಕೇಳಿದಾಗ ಆಗುವ ಸಮಾಧಾನವನ್ನು ಬೇರೆಯವರು ದುಡ್ಡು ಮಾಡಿಕೊಳ್ಳಬಲ್ಲರು ಎಂದು ಹೊರಟ ದಿನ ಯಾರೂ ಹೇಳಿರುವುದಿಲ್ಲ.

ಹಾಗಾದರೆ ನೇರ ದಾರಿ ಯಾವುದು? ಮೊದಲ ಕರೆ ನಿಮ್ಮದೇ ಕಂಪನಿಗೆ, ಪಾಲಿಸಿಯ ಕಾಗದದ ಮೇಲಿರುವ ನಂಬರಿಗೆ. ‘ಮಾಹಿತಿಗಾಗಿ ತಿಳಿಸುತ್ತಿದ್ದೇನೆ, ಕ್ಲೈಮ್ ಮಾಡುತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ. ಕ್ಲೈಮ್ ಮಾಡದಿದ್ದರೂ ತಿಳಿಸಲೇಬೇಕು, ಪಾಲಿಸಿಯ ಷರತ್ತು ಅದು. ಅವರೂ ನಿಮ್ಮನ್ನು ‘ಸಹಾಯವಾಣಿ’ಗೆ ದಾಟಿಸಲು ನೋಡಬಹುದು. ‘ನೀವು ವಿಮಾ ಕಂಪನಿಯವರೋ ಅಥವಾ ಬೇರೆ ಸಂಸ್ಥೆಯವರೋ, ಕೊಡುವ ಕಾರು ಸಾಲದ ಬಾಡಿಗೆಯದೋ’ ಎಂದು ಕೇಳಿ. ಸಂಕೋಚ ಬೇಡ.

ಎದುರಿನವನ ವಿಮೆ ಯಾರಲ್ಲಿದೆ ಎಂಬುದು ತಿಳಿಯದಿದ್ದರೆ ಮೋಟಾರ್ ಇನ್ಶೂರರ್ಸ್ ಬ್ಯೂರೋದ ದಾಖಲೆಯಲ್ಲಿ ಗಾಡಿಯ ನಂಬರು ಹಾಕಿ, ಸಣ್ಣ ಶುಲ್ಕ ಕೊಟ್ಟು ತಿಳಿದುಕೊಳ್ಳಬಹುದು. 1946ರಿಂದ ಇರುವ ಸಂಸ್ಥೆ ಅದು. ಎದುರಿನವನಿಗೆ ವಿಮೆಯೇ ಇಲ್ಲದಿದ್ದರೆ, ಗುದ್ದಿ ಓಡಿಹೋಗಿದ್ದರೆ ಪರಿಹಾರ ಕೇಳಬೇಕಾದದ್ದೂ ಅಲ್ಲೇ. ಕಂಪನಿ ಗೊತ್ತಾದ ಮೇಲೆ ಅವರಿಗೆ ಕರೆ ಮಾಡಿ: ಇಂಥ ದಿನ, ಇಂಥ ಜಾಗದಲ್ಲಿ ನಿಮ್ಮ ಗ್ರಾಹಕರು ನನ್ನ ಗಾಡಿಗೆ ಗುದ್ದಿದ್ದಾರೆ, ಫೋಟೋ ಕಳಿಸುತ್ತೇನೆ. ಅವರ ಗ್ರಾಹಕ ತಪ್ಪೊಪ್ಪಿಕೊಂಡಿದ್ದರೆ ಆಮೇಲಿನ ವೇಗ ನೋಡಿ ನಿಮಗೇ ಆಶ್ಚರ್ಯವಾಗುತ್ತದೆ. ರಿಪೇರಿಯನ್ನೂ ಬದಲಿ ಕಾರನ್ನೂ ಅವರೇ ಕೊಡಲು ಮುಂದಾಗುತ್ತಾರೆ. ಸಾಲದ ಬಾಡಿಗೆಯ ಬಿಲ್ಲು ಬರುವುದಕ್ಕಿಂತ ಇದು ಅವರಿಗೂ ಅಗ್ಗ. ನಿಮ್ಮ ಪಾಲಿಸಿಯ ಎಕ್ಸೆಸ್, ಅಂದರೆ ಕ್ಲೈಮಿನಲ್ಲಿ ನೀವೇ ಭರಿಸಬೇಕಾದ ಪಾಲು, ಕಟ್ಟುವ ಪ್ರಶ್ನೆಯೂ ಇಲ್ಲ. ಫೋನಿನಲ್ಲಿ ಮಾತಾಡಿದ್ದನ್ನು ಅದೇ ದಿನ ಇ-ಮೇಲಿನಲ್ಲಿ ಬರೆದು ಕಳಿಸಿ.

ಎದುರಿನವನು ತಪ್ಪನ್ನು ಒಪ್ಪದೆ ಹೊಯ್ದಾಡುತ್ತಿದ್ದರೆ ಜಿದ್ದಿಗೆ ಬೀಳಬೇಡಿ. ನಿಮ್ಮದು ಸಮಗ್ರ ವಿಮೆಯಾಗಿದ್ದರೆ ಅದರಲ್ಲೇ ಕ್ಲೈಮ್ ಮಾಡಿ, ಎಕ್ಸೆಸ್ ಆಮೇಲೆ ವಸೂಲು ಮಾಡಿಕೊಳ್ಳಿ.

ಹಳೆಯ ಕಾರಿನವರಿಗೆ ಇನ್ನೊಂದು ಮಾತು, ಏಕೆಂದರೆ ನೀವೆಲ್ಲ ಹಳೆಯ ಕಾರಿನವರೇ. ರಿಪೇರಿಯ ಖರ್ಚು ಕಾರಿನ ಬೆಲೆಗೆ ಹತ್ತಿರ ಬಂದರೆ ಅದನ್ನು ಗುಜರಿ ಎಂದು ಬರೆದುಬಿಡುತ್ತಾರೆ. 2017ರ ಅಕ್ಟೋಬರಿನಿಂದ ಇದಕ್ಕೆ ಎ, ಬಿ, ಎಸ್, ಎನ್ ಎಂಬ ನಾಲ್ಕು ವರ್ಗಗಳಿವೆ. ಎಸ್ ಎಂದರೆ ಚೌಕಟ್ಟಿಗೆ ಪೆಟ್ಟು, ಎನ್ ಎಂದರೆ ಚೌಕಟ್ಟಿಗೆ ಪೆಟ್ಟಿಲ್ಲ, ಇವೆರಡನ್ನು ಸರಿ ಮಾಡಿಸಿ ಓಡಿಸಬಹುದು. ಅವರು ಹೇಳುವ ಮೊದಲ ಬೆಲೆ ಕೊನೆಯ ಬೆಲೆಯಲ್ಲ. ಅಡಿಕೆಗೆ ವ್ಯಾಪಾರಿ ಹೇಳಿದ ಮೊದಲ ದರಕ್ಕೆ ಕೈ ಕೊಟ್ಟವರುಂಟೇ ನಮ್ಮಲ್ಲಿ? ಆದರೂ ಇಂಗ್ಲಿಷಿನ ಇ-ಮೇಲಿನಲ್ಲಿ ಬಂದ ಅಂಕಿ ನೋಡಿ ತಲೆಯಾಡಿಸಿಬಿಡುತ್ತೇವೆ. ಅದೇ ಮಾದರಿ, ಅದೇ ವರ್ಷ, ಅಷ್ಟೇ ಮೈಲಿ ಓಡಿದ ಕಾರುಗಳ ಮಾರಾಟದ ಜಾಹೀರಾತುಗಳನ್ನು ಒಟ್ಟುಮಾಡಿ, ಸರ್ವಿಸಿನ ರಸೀದಿ ಜೋಡಿಸಿ ಕಳಿಸಿ. ಬೆಲೆ ಏರುತ್ತದೆ. ಕುತ್ತಿಗೆ ನೋವಿದ್ದರೆ ‘ಪೂರ್ತಿ ಮತ್ತು ಅಂತಿಮ’ ಎಂಬ ಕಾಗದಕ್ಕೆ ಮಾತ್ರ ಸಹಿ ಬೇಡ. 2021ರ ಮೇ 31ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕುತ್ತಿಗೆ ಉಳುಕಿಗೆ ನಿಗದಿತ ದರಪಟ್ಟಿಯಿದೆ, ವೈದ್ಯಕೀಯ ವರದಿ ಇಲ್ಲದೆ ಅದನ್ನು ರಾಜಿ ಮಾಡುವಂತಿಲ್ಲ.

ಕಂಪನಿ ಸತಾಯಿಸಿದರೆ ಎಲ್ಲರೂ ಹಣಕಾಸು ಸಂಸ್ಥೆಗಳ ಮೇಲಿನ ದೂರು ಕೇಳುವ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಎನ್ನುತ್ತಾರೆ. ಅದು ನಿಮ್ಮದೇ ಕಂಪನಿಯ ಮೇಲಿನ ದೂರಿಗೆ ಸರಿ. ಎದುರಿನವನ ಕಂಪನಿಗೆ ನೀವು ಗ್ರಾಹಕರಲ್ಲವಾದ್ದರಿಂದ ಅಲ್ಲಿ ನಡೆಯುವುದಿಲ್ಲ. ಅವರ ಮೇಲೆ ವಿಮಾ ಕಂಪನಿಗಳ ವಿರುದ್ಧದ ಹಕ್ಕುಗಳ 2002ರ ನಿಯಮಾವಳಿಯ ಪ್ರಕಾರ ನೇರ ದಾವೆ ಹೂಡಬಹುದು. ಹತ್ತು ಸಾವಿರ ಪೌಂಡಿನವರೆಗಿನ ಗಾಡಿಯ ಹಾನಿಗೆ ಸಣ್ಣ ದಾವೆಗಳ ವಿಭಾಗ ಸಾಕು. ಅವಧಿ ಆರು ವರ್ಷ, ಗಾಯಕ್ಕಾದರೆ ಮೂರು. ದಾವೆಯ ಮಾತನ್ನು ಪತ್ರದಲ್ಲಿ ಬರೆದರೇ ಬಹಳ ಸಲ ಹಣ ಬಂದುಬಿಡುತ್ತದೆ.

ಇದನ್ನೆಲ್ಲ ನನ್ನ ಮಗಳು ನನಗಿಂತ ಚೆನ್ನಾಗಿ ಮಾಡುತ್ತಾಳೆ. ಅಲ್ಲೇ ಹುಟ್ಟಿದವಳು. ಒಂದು ಅಂಗಡಿಯ ಪಾರ್ಕಿಂಗಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಹಿಂದೆ ತೆಗೆಯುತ್ತಾ ನಮ್ಮ ಕಾರಿಗೆ ತಾಗಿಸಿದರು. ಅವರ ಕೈ ನಡುಗುತ್ತಿತ್ತು, ಬೀಗದ ಕೈ ಎರಡು ಸಲ ನೆಲಕ್ಕೆ ಬಿತ್ತು. ನಾನು ಹೆಕ್ಕಿ ಕೊಟ್ಟು, ಪರವಾಗಿಲ್ಲ ಬಿಡಿ ಎನ್ನುವುದರಲ್ಲಿದ್ದೆ. ‘ಅಪ್ಪಾ, ನೀನು ಮಾತಾಡಬೇಡ’ ಎಂದಳು ಮಗಳು. ಫೋಟೋ ತೆಗೆದು, ವಿವರ ಬರೆದುಕೊಂಡು, ಧನ್ಯವಾದ ಹೇಳಿ ಬಂದಳು. ಎಲ್ಲ ನಾನೇ ಕಲಿಸಿದ್ದು, ಒಂದೂ ತಪ್ಪಿಲ್ಲ. ಆದರೆ ಇಲ್ಲಿ ಶಿರಸಿಯಲ್ಲಾಗಿದ್ದರೆ ಆ ಹೆಂಗಸನ್ನು ಯಾರಾದರೂ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಯಾವ ಊರು ಎಂದು ಕೇಳಿ, ಮಗನಿಗೆ ಫೋನು ಮಾಡಿಸುತ್ತಿದ್ದರು. 2024ರ ಆಗಸ್ಟಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ನಡುರಾತ್ರಿ ಕುಸಿದು ಲಾರಿ ನದಿಗೆ ಬಿದ್ದಾಗ ಚಾಲಕನನ್ನು ದಡ ಸೇರಿಸಿದವರಲ್ಲಿ ಮೀನುಗಾರರೂ ಇದ್ದರು. ಅವನು ಯಾರ ಕಡೆಯವನು ಎಂದು ಅವರು ಕೇಳಿರಲಾರರು. ನಮ್ಮ ಜನ ಗುಂಪು ಸೇರುವುದನ್ನು ನಾನು ವರ್ಷಗಟ್ಟಲೆ ಗೇಲಿ ಮಾಡಿದ್ದೇನೆ. ಮಗಳಿಗೆ ಆ ಗುಂಪಿನ ಅನುಭವವೇ ಇಲ್ಲ. ಅದನ್ನು ಯಾವ ಮಾರ್ಗದರ್ಶಿಯಲ್ಲೂ ಬರೆದುಕೊಡಲಾಗುವುದಿಲ್ಲ.

ಇನ್ನು ಪಾಲಿಸಿಯ ನವೀಕರಣ. ಸಾಮಾನ್ಯವಾಗಿ ಐದು ವರ್ಷದ ಅಪಘಾತಗಳನ್ನು ಕೇಳುತ್ತಾರೆ, ನಿಮ್ಮ ತಪ್ಪಿಲ್ಲದವನ್ನೂ ಸೇರಿಸಿ. ಮುಚ್ಚಿಡಬೇಡಿ, ಕಂಪನಿಗಳ ನಡುವೆ ಹಂಚಿಕೊಂಡ ದಾಖಲೆಯಲ್ಲಿ ಅದು ಮೊದಲೇ ಇರುತ್ತದೆ. ತಪ್ಪಿಲ್ಲದಿದ್ದರೂ ಕಂತು ಸ್ವಲ್ಪ ಏರಬಹುದು, ಅದಕ್ಕೆ ಸಿಟ್ಟು ಬರುತ್ತದೆ, ಬರಲಿ. ಹಣ ಕೈಸೇರಿದ ಮೇಲೆ ನಿಮ್ಮ ಕಂಪನಿಗೆ ಬರೆದು, ‘ತಪ್ಪಿಲ್ಲದ ಅಪಘಾತ, ಫೈಲು ಮುಚ್ಚಿದೆ’ ಎಂದು ಉತ್ತರ ತರಿಸಿಕೊಳ್ಳಿ. ಮುಚ್ಚದ ಫೈಲನ್ನು ಅವರು ನಿಮ್ಮದೇ ತಪ್ಪು ಎಂಬಂತೆ ಲೆಕ್ಕ ಹಾಕುವುದುಂಟು. ಅಕ್ಕನ ಮಗನ ಫೈಲು ಆ ದೊಡ್ಡ ಕಾರಿನ ಬಾಡಿಗೆಯ ತಕರಾರಿನಿಂದಾಗಿ ಇನ್ನೂ ಮುಚ್ಚಿಲ್ಲ. ಈ ಬಾರಿಯ ಕಂತು ನೋಡಿ ಅವನು ಬಸ್ಸಿನ ಪಾಸು ಮಾಡಿಸಿಕೊಂಡಿದ್ದಾನೆ.